ಕಂಪ್ಯೂಟರ್ ಲಾಗಿನ್ ಆಗದಿದ್ದಾಗ: ಫಾರ್ಮ್ಯಾಟ್ ಮಾಡಿಸುವ ಮುಂಚೆ

ಪರದೆಯ ಮೇಲೆ ಏನು ಬರೆದು ಬಂದಿದೆಯೋ ಮೊದಲು ಅದರ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಉಳಿದದ್ದೆಲ್ಲ ಆಮೇಲೆ. ಕಲಬುರಗಿಯ ಸೂಪರ್ ಮಾರ್ಕೆಟ್ ಇರಲಿ, ಯಾದಗಿರಿಯ ಸ್ಟೇಷನ್ ರೋಡ್ ಇರಲಿ, ರಿಪೇರಿ ಅಂಗಡಿಗೆ ಸಿಪಿಯು ಹೊತ್ತು ತರುವವರು ಹೇಳುವುದು ಒಂದೇ ಮಾತು: "ಲಾಗಿನ್ ಆಗವಲ್ದ್ರಿ." ಆ ಒಂದು ಮಾತಿನ ಹಿಂದೆ ಐದಾರು ಬೇರೆ ಬೇರೆ ಬೇನೆ ಇರುತ್ತವೆ. ಒಂದಕ್ಕೆ ಹತ್ತು ನಿಮಿಷ ಸುಮ್ಮನೆ ಕೂತರೆ ಸಾಕು, ಇನ್ನೊಂದಕ್ಕೆ ಇಂಟರ್ನೆಟ್ ಬೇಕು, ಮತ್ತೊಂದಕ್ಕೆ ನಲವತ್ತೆಂಟು ಅಂಕಿಯ ಕೀಲಿ ಬೇಕು. ಯಾವುದು ಎಂದು ಹೇಳುವುದು ಆ ಸಂದೇಶವೇ. ಅದನ್ನು ನೋಡದೆ ಫಾರ್ಮ್ಯಾಟ್ ಹೊಡೆದರೆ ಬೀಗವೂ ಹೋಗುತ್ತದೆ, ಮನೆಯೊಳಗಿನ ಸಾಮಾನೂ ಹೋಗುತ್ತದೆ.

ಇಲ್ಲಿರುವುದು ಮುಖ್ಯವಾಗಿ ವಿಂಡೋಸ್ 10 ಮತ್ತು 11 ಇರುವ ಮನೆಯ ಕಂಪ್ಯೂಟರ್‌ಗಳ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ಕೆಳಗಿನ ದಾರಿಗಳು ಅದರಲ್ಲೂ ನಡೆಯುತ್ತವೆ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಕೈ ಹಚ್ಚಬೇಡಿ, ಅದರ ಕೀಲಿ ಆಫೀಸಿನವರ ಬಳಿಯೇ ಇರುತ್ತದೆ. ಪರದೆಯ ಮೇಲಿನ ಇಂಗ್ಲಿಷ್ ಪದಗಳನ್ನು ಓದಿ ಗುರುತಿಸಲು ಅನುಕೂಲವಾಗಲೆಂದು ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಮಾತ್ರ ಇಂಗ್ಲಿಷ್ ಅಕ್ಷರ ಬಳಸಿ.

ಪಾಸ್‌ವರ್ಡ್ ನಿಜಕ್ಕೂ ತಪ್ಪೇ?

ಪಾಸ್‌ವರ್ಡ್ ಮರೆತೆವು ಎಂದುಕೊಂಡವರಲ್ಲಿ ಹಲವರು ಮರೆತಿರುವುದಿಲ್ಲ, ಕೀಬೋರ್ಡ್ ಬೇರೇನೋ ಬರೆಯುತ್ತಿರುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯ ಬಲತುದಿಯಲ್ಲಿ ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿ ಹಿಡಿದರೆ ನೀವು ಬರೆದದ್ದು ಕಾಣುತ್ತದೆ. ಗುರುತು ಕಾಣದಿದ್ದರೆ ಪೆಟ್ಟಿಗೆಯಲ್ಲಿರುವುದನ್ನು ಪೂರ್ತಿ ಅಳಿಸಿ ಮೊದಲಿನಿಂದ ಬರೆಯಿರಿ, ಆಗ ಬರುತ್ತದೆ.

ಪರದೆಯ ಬಲಗಡೆ ಕೆಳಗೆ ಭಾಷೆಯ ಗುರುತು ನೋಡಿ. ಕನ್ನಡ ಟೈಪಿಂಗ್‌ಗೆಂದು ವಿಂಡೋಸ್‌ನ ಕನ್ನಡ ಕೀಬೋರ್ಡ್ ಹಾಕಿಕೊಂಡ ಮನೆಗಳಲ್ಲಿ, ನಮ್ಮ ಕಡೆ ಉರ್ದು ಕೀಬೋರ್ಡ್ ಇರುವ ಮನೆಗಳಲ್ಲೂ, ಲಾಗಿನ್ ಪರದೆಗೆ ಬರುವಾಗ ಅದೇ ಭಾಷೆ ಉಳಿದುಬಿಡುತ್ತದೆ. ಬರೆದದ್ದು ಚುಕ್ಕಿಯಾಗಿ ಕಾಣುವುದರಿಂದ ಗೊತ್ತೇ ಆಗುವುದಿಲ್ಲ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬನ್ನಿ. ನುಡಿ ತಂತ್ರಾಂಶ ಬಳಸುವವರಿಗೆ ಈ ತೊಂದರೆ ಇಲ್ಲ. ಅದು ಶುರುವಾಗುವುದೇ ಲಾಗಿನ್ ಆದ ಮೇಲೆ.

ಕ್ಯಾಪ್ಸ್ ಲಾಕ್ ಎಲ್ಲರಿಗೂ ಗೊತ್ತು, ನಮ್ ಲಾಕ್ ಗೊತ್ತಿರುವುದಿಲ್ಲ. ಬದಿಯಲ್ಲಿ ಪ್ರತ್ಯೇಕ ಅಂಕಿ ಕೀಗಳಿಲ್ಲದ ಹಳೆಯ ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಆನ್ ಆದರೆ ಅಕ್ಷರದ ಕೀಗಳೇ ಅಂಕಿಗಳಾಗುತ್ತವೆ. ಜೆ, ಕೆ, ಎಲ್ ಕೀಗಳು 1, 2, 3. ಯು, ಐ, ಒ ಕೀಗಳು 4, 5, 6. ಎಮ್ ಕೀ ಸೊನ್ನೆ. ಮಲ್ಲಮ್ಮ ಎಂದು ಇಂಗ್ಲಿಷಿನಲ್ಲಿ ಪಾಸ್‌ವರ್ಡ್ ಇಟ್ಟಿದ್ದರೆ ಒಳಗೆ ಹೋಗುವುದು 'ಸೊನ್ನೆ, ಎ, 3, 3, ಎ, ಸೊನ್ನೆ, ಸೊನ್ನೆ, ಎ'. ಕಣ್ಣಿನ ಗುರುತು ಒತ್ತಿದ ಕೂಡಲೇ ಇದು ಬಯಲಾಗುತ್ತದೆ.

ಬೇಸಿಗೆಯ ಧೂಳು ಕೂತು ಒಂದೆರಡು ಕೀ ಕೆಲಸ ನಿಲ್ಲಿಸಿದ್ದರೆ, ಪರದೆಯ ಬಲ ಮೂಲೆಯ ಆಕ್ಸೆಸಿಬಿಲಿಟಿ ಗುರುತು ಒತ್ತಿ 'ಆನ್ ಸ್ಕ್ರೀನ್ ಕೀಬೋರ್ಡ್' ತೆರೆಯಿರಿ, ಮೌಸ್‌ನಿಂದ ಅಕ್ಷರ ಒತ್ತಿ. ಹೊಸ ಕೀಬೋರ್ಡ್ ತರುವ ಮುಂಚೆ ಇದೊಂದು ಪರೀಕ್ಷೆ ಪುಕ್ಕಟೆ.

ತಪ್ಪು ಬರೆದು ಬರೆದು ಲಾಕ್ ಆದರೆ

'ದಿ ರೆಫರೆನ್ಸ್ಡ್ ಅಕೌಂಟ್ ಈಸ್ ಕರೆಂಟ್ಲಿ ಲಾಕ್ಡ್ ಔಟ್' ಎಂದು ಬಂದರೆ ಗಾಬರಿ ಬೇಡ. 2022ರಲ್ಲಿ ಬಂದ ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಈಚೆಗೆ ಹೊಸದಾಗಿ ಹಾಕಿದ ಕಂಪ್ಯೂಟರ್‌ಗಳಲ್ಲಿ ಒಂದು ನಿಯಮ ತಾನಾಗಿಯೇ ಇರುತ್ತದೆ: ಹತ್ತು ನಿಮಿಷದೊಳಗೆ ಹತ್ತು ಸಲ ತಪ್ಪು ಪಾಸ್‌ವರ್ಡ್ ಬರೆದರೆ ಆ ಖಾತೆಗೆ ಹತ್ತು ನಿಮಿಷ ಬೀಗ. ಕಂಪ್ಯೂಟರ್ ಆನ್ ಇಟ್ಟು, ಕೀಬೋರ್ಡ್ ಮುಟ್ಟದೆ, ಒಂದು ಚಹಾ ಕುಡಿದು ಬಂದು ಒಮ್ಮೆ ಮಾತ್ರ ನೋಡಿ. ಅದಕ್ಕಿಂತ ಹಳೆಯ ವಿಂಡೋಸ್‌ನಲ್ಲಿ ಈ ಮಿತಿ ತಾನಾಗಿ ಇರುವುದಿಲ್ಲ.

ಪಿನ್‌ನ ಲೆಕ್ಕ ಬೇರೆ. ಕೆಲವು ಸಲ ತಪ್ಪಿದ ಮೇಲೆ 'ಎ1ಬಿ2ಸಿ3' ಎಂದು ಟೈಪ್ ಮಾಡಲು ಕೇಳುತ್ತದೆ. ಯಾವುದೋ ಮಗು ಅಥವಾ ಬೆಕ್ಕು ಕೀಬೋರ್ಡ್ ಮೇಲೆ ಕೂತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕಷ್ಟೇ ಅದು. ಆಮೇಲೂ ತಪ್ಪಿದರೆ ರೀಸ್ಟಾರ್ಟ್ ಮಾಡಲು ಹೇಳುತ್ತದೆ. ಪಿನ್ ಕಾಯುವುದು ಮದರ್‌ಬೋರ್ಡ್‌ನಲ್ಲಿರುವ ಟಿಪಿಎಮ್ ಎಂಬ ಚಿಪ್. ಅದು ತಪ್ಪುಗಳನ್ನು ಎಣಿಸುತ್ತದೆ, ಹೊತ್ತು ಕಳೆದಂತೆ ಒಂದೊಂದಾಗಿ ಮರೆಯುತ್ತದೆ. ಈ ಮರೆವಿಗೆ ಕಂಪ್ಯೂಟರ್ ಆನ್ ಇರಬೇಕು. ಬಂದ್ ಮಾಡಿ ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ನೋಡಿದರೆ ಫಲ ಸಿಗದೇ ಹೋಗಬಹುದು. ಚಾರ್ಜರ್ ಹಾಕಿ ಎರಡು ತಾಸು ಆನ್ ಇಡುವುದು ಒಳ್ಳೆಯದು.

ಪಿನ್ ಬೇರೆ, ಪಾಸ್‌ವರ್ಡ್ ಬೇರೆ

ಎಲ್ಲಕ್ಕಿಂತ ಹೆಚ್ಚು ಗೊಂದಲ ಇಲ್ಲಿಯೇ. ಪಿನ್ ಎಂಬುದು ಆ ಒಂದು ಕಂಪ್ಯೂಟರ್‌ಗೆ ಮಾತ್ರ ಸೇರಿದ್ದು. ಮೈಕ್ರೋಸಾಫ್ಟ್ ಪಾಸ್‌ವರ್ಡ್ ನಿಮ್ಮ ಈಮೇಲ್ ಖಾತೆಗೆ ಸೇರಿದ್ದು. ಜಿಮೇಲ್ ವಿಳಾಸದಿಂದ ಮೈಕ್ರೋಸಾಫ್ಟ್ ಖಾತೆ ತೆರೆದಿದ್ದರೆ ಜಿಮೇಲ್‌ನ ಪಾಸ್‌ವರ್ಡ್ ಮೂರನೆಯದು. ಅದು ಇಲ್ಲಿ ನಡೆಯುವುದಿಲ್ಲ.

ಲಾಗಿನ್ ಪರದೆಯಲ್ಲಿ 'ಸೈನ್ ಇನ್ ಆಪ್ಷನ್ಸ್' ಒತ್ತಿದರೆ ಎರಡು ಗುರುತು ಬರಬಹುದು: ಅಂಕಿಗಳ ಚೌಕ ಎಂದರೆ ಪಿನ್, ಕೀಲಿಕೈ ಎಂದರೆ ಪಾಸ್‌ವರ್ಡ್. ಒಂದು ಮರೆತಿದ್ದರೆ ಇನ್ನೊಂದರಿಂದ ಒಳಹೋಗಿ. ಕೀಲಿಕೈ ಗುರುತೇ ಇಲ್ಲದಿದ್ದರೆ 'ವಿಂಡೋಸ್ ಹಲೋ ಮಾತ್ರ' (ಪಿನ್, ಮುಖ ಅಥವಾ ಬೆರಳಚ್ಚಿನಿಂದ ಮಾತ್ರ ಲಾಗಿನ್) ಎಂಬ ಸೆಟ್ಟಿಂಗ್ ಆನ್ ಇದೆ ಎಂದರ್ಥ. ಆಗ ದಾರಿ 'ಐ ಫರ್ಗಾಟ್ ಮೈ ಪಿನ್' ಒಂದೇ.

ನಿಮ್ಮದು ಯಾವ ಬಗೆಯ ಖಾತೆ ಎಂದು ಗುರುತಿಸುವುದು ಹೀಗೆ: ಹೆಸರಿನ ಕೆಳಗೆ ಈಮೇಲ್ ಕಂಡರೆ, ಅಥವಾ 'ಐ ಫರ್ಗಾಟ್ ಮೈ ಪಾಸ್‌ವರ್ಡ್', 'ಐ ಫರ್ಗಾಟ್ ಮೈ ಪಿನ್' ಎಂಬ ಸಾಲು ಕಂಡರೆ, ಹೆಚ್ಚಾಗಿ ಅದು ಮೈಕ್ರೋಸಾಫ್ಟ್ ಖಾತೆ. ಒಮ್ಮೆ ತಪ್ಪು ಪಾಸ್‌ವರ್ಡ್ ಬರೆದ ಮೇಲಷ್ಟೇ 'ರೀಸೆಟ್ ಪಾಸ್‌ವರ್ಡ್' ಎಂದು ಬಂದರೆ ಲೋಕಲ್ ಖಾತೆ, ಅಂದರೆ ಈಮೇಲ್‌ಗೆ ಸೇರದೆ ಆ ಕಂಪ್ಯೂಟರ್‌ನಲ್ಲಷ್ಟೇ ಇರುವ ಖಾತೆ.

ಮೈಕ್ರೋಸಾಫ್ಟ್ ಖಾತೆಯಾದರೆ

ಕಂಪ್ಯೂಟರ್ ಬಿಟ್ಟು ಮೊಬೈಲ್ ಹಿಡಿಯಿರಿ. ಬ್ರೌಸರ್‌ನಲ್ಲಿ ಅಕೌಂಟ್ ಡಾಟ್ ಲೈವ್ ಡಾಟ್ ಕಾಮ್ ತೆರೆದು 'ಫರ್ಗಾಟ್ ಪಾಸ್‌ವರ್ಡ್' ದಾರಿಯಲ್ಲಿ ಹೋಗಿ, ಈಮೇಲ್ ಬರೆದು, ಮೊಬೈಲ್ ಅಥವಾ ಇನ್ನೊಂದು ಈಮೇಲ್‌ಗೆ ಬರುವ ಕೋಡ್ ಹಾಕಿ, ಹೊಸ ಪಾಸ್‌ವರ್ಡ್ ಇಡಿ. ಇದು ಮೂರ್ನಾಲ್ಕು ನಿಮಿಷದ ಕೆಲಸ.

ಆಮೇಲೆ ಬಹಳ ಜನ ಎಡವುತ್ತಾರೆ. ಕಂಪ್ಯೂಟರ್ ಹೊಸ ಪಾಸ್‌ವರ್ಡನ್ನು ಒಪ್ಪುವುದು ಇಂಟರ್ನೆಟ್ ಇದ್ದಾಗ ಮಾತ್ರ. ಇಲ್ಲದಿದ್ದರೆ ತನ್ನಲ್ಲಿ ಉಳಿಸಿಕೊಂಡ ಹಳೆಯದನ್ನೇ ಕೇಳುತ್ತಿರುತ್ತದೆ. ಲಾಗಿನ್ ಪರದೆಯ ಬಲ ಮೂಲೆಯಲ್ಲೇ ವೈಫೈ ಗುರುತಿದೆ. ಅಲ್ಲಿಂದ ಮನೆಯ ವೈಫೈಗೆ ಅಥವಾ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ. ಹಾಸ್ಟೆಲ್, ಕಾಲೇಜುಗಳ ವೈಫೈ ಮೊದಲು ಬ್ರೌಸರ್‌ನಲ್ಲಿ ಹೆಸರು ಕೇಳುವುದರಿಂದ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ವೈಫೈ ಇಲ್ಲದ ಡೆಸ್ಕ್‌ಟಾಪ್ ಆದರೆ ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಬರೀ ಚಾರ್ಜಿಂಗ್ ಆಗುವ ಅಗ್ಗದ ಕೇಬಲ್‌ನಲ್ಲಿ ಆ ಆಯ್ಕೆ ಬೆಳಗುವುದೇ ಇಲ್ಲ.

ಇಂಟರ್ನೆಟ್ ಇದ್ದೂ 'ಸಮ್‌ಥಿಂಗ್ ವೆಂಟ್ ರಾಂಗ್' ಎಂದರೆ ಲಾಗಿನ್ ಪರದೆಯ ಗಡಿಯಾರ ನೋಡಿ. ವಾರ, ತಾರೀಖು ತಪ್ಪಾಗಿದ್ದರೆ ಮದರ್‌ಬೋರ್ಡ್‌ನ ಗುಂಡಿ ಸೆಲ್ ಸತ್ತಿರಬಹುದು. ತಾರೀಖು ತಪ್ಪಿದರೆ ಮೈಕ್ರೋಸಾಫ್ಟ್‌ನೊಂದಿಗೆ ಸುರಕ್ಷಿತ ಸಂಪರ್ಕ ಆಗುವುದಿಲ್ಲ, ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡುವುದಿಲ್ಲ. ಕರೆಂಟ್ ಮೇಲಿಂದ ಮೇಲೆ ಹೋಗುವ ಕಡೆ, ಸ್ವಿಚ್ ಬೋರ್ಡ್‌ನಲ್ಲೇ ಬಂದ್ ಮಾಡುವ ಮನೆಗಳಲ್ಲಿ ಈ ಸೆಲ್ ಬೇಗ ಖಾಲಿಯಾಗುತ್ತದೆ. ಸಿಆರ್2032 ಎಂಬ 3 ವೋಲ್ಟ್‌ನ ಸೆಲ್ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಸೆಲ್ ತೆಗೆದರೆ ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡುವ ಮದರ್‌ಬೋರ್ಡ್‌ನ ತಂತ್ರಾಂಶ) ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಟಿಪಿಎಮ್ ಬಂದ್ ಆಗಿ 'ಯುವರ್ ಪಿನ್ ಈಸ್ ನೋ ಲಾಂಗರ್ ಅವೈಲಬಲ್' ಎಂದು ಬರುತ್ತದೆ. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಬೀಗ ಹಾಕಿದ್ದರೆ, 48 ಅಂಕಿಯ ರಿಕವರಿ ಕೀ ಕೇಳುವ ನೀಲಿ ಪರದೆಯೂ ಬರುತ್ತದೆ (ಅದರ ವಿಷಯ ಕೆಳಗಿದೆ). ಸದ್ಯಕ್ಕೆ ಸೆಲ್ ಮುಟ್ಟದೆ, ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ ತಾರೀಖು ಮಾತ್ರ ಸರಿ ಮಾಡಿ ಲಾಗಿನ್ ಆಗಿ. ಸೆಲ್ ಬದಲಿಸುವುದು ರಿಕವರಿ ಕೀ ಕೈಗೆ ಬಂದ ಮೇಲೆ.

ಕೋಡ್ ಬರುವ ಸಿಮ್ಮೇ ಈಗ ಇಲ್ಲದಿದ್ದರೆ? ನಂಬರ್ ಇನ್ನೂ ನಿಮ್ಮ ಹೆಸರಿನಲ್ಲೇ ಇದ್ದರೆ ಕಂಪನಿಯ ಅಂಗಡಿಯಲ್ಲಿ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳುವುದೇ ಹತ್ತಿರದ ದಾರಿ. ಸಿಮ್ ಬದಲಿಸಿದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ವಂಚನೆ ತಡೆಯಲು ಮಾಡಿದ ನಿಯಮ ಅದು. ಕೋಡ್ ಬರಲಿಲ್ಲವೆಂದು ಮೇಲಿಂದ ಮೇಲೆ ಕಳಿಸಿದರೆ ಮೈಕ್ರೋಸಾಫ್ಟ್ ಕಡೆಯಿಂದಲೂ ತಡೆ ಬೀಳುತ್ತದೆ. ಪ್ರಿಪೇಯ್ಡ್ ನಂಬರ್ 90 ದಿನಕ್ಕೂ ಹೆಚ್ಚು ಬಳಕೆಯಾಗದೆ ಬಿದ್ದಿದ್ದರೆ ರದ್ದಾಗಿ ಬೇರೆಯವರ ಪಾಲಾಗಿರಬಹುದು. ಆಗ ಉಳಿಯುವುದು ಮೈಕ್ರೋಸಾಫ್ಟ್‌ನ ಖಾತೆ ರಿಕವರಿ ಫಾರ್ಮ್. ಅದರಲ್ಲಿ ಹಳೆಯ ಪಾಸ್‌ವರ್ಡ್‌ಗಳು, ಆ ಈಮೇಲ್‌ನಿಂದ ಯಾರಿಗೆ ಏನು ವಿಷಯ ಬರೆದು ಕಳಿಸಿದ್ದಿರಿ ಎಂಬುದನ್ನೆಲ್ಲ ಕೇಳುತ್ತಾರೆ. ದಿನಕ್ಕೆ ಎರಡು ಸಲ ಮಾತ್ರ ಕಳಿಸಬಹುದು, ಉತ್ತರ ಸಾಮಾನ್ಯವಾಗಿ 24 ಗಂಟೆಯೊಳಗೆ. ಕಂಪ್ಯೂಟರ್ ಯಾವ ಊರಲ್ಲಿ ಬಳಸುತ್ತಿದ್ದಿರೋ ಅಲ್ಲಿಂದಲೇ, ಮೊದಲು ಲಾಗಿನ್ ಆಗಿದ್ದ ಮೊಬೈಲ್‌ನಿಂದಲೇ ತುಂಬಿದರೆ ಒಪ್ಪಿಗೆ ಸಿಗುವ ಸಂಭವ ಹೆಚ್ಚು. ಎರಡು ಹಂತದ ಪರಿಶೀಲನೆ ಆನ್ ಇದ್ದ ಖಾತೆಗೆ ಈ ಫಾರ್ಮ್ ನಡೆಯುವುದಿಲ್ಲ.

'ಯುವರ್ ಅಕೌಂಟ್ ಹ್ಯಾಸ್ ಬೀನ್ ಲಾಕ್ಡ್' ಎಂದು ಬ್ರೌಸರ್‌ನಲ್ಲಿ ಬಂದರೆ ಅದು ಮೈಕ್ರೋಸಾಫ್ಟ್ ತಾನೇ ಹಾಕಿದ ಬೀಗ. ಅದನ್ನು ತೆಗೆಯಲು ಕೇಳುವ ಕೋಡ್ ಯಾವ ಮೊಬೈಲ್ ನಂಬರಿಗೆ ಬೇಕಾದರೂ ತರಿಸಿಕೊಳ್ಳಬಹುದು, ಖಾತೆಯಲ್ಲಿ ಬರೆಸಿದ ನಂಬರೇ ಆಗಬೇಕಿಲ್ಲ.

ಇನ್ನೊಂದು ಸಂಗತಿ ನಮ್ಮ ಊರುಗಳಲ್ಲಿ ಬಹಳ. ಹೊಸ ಕಂಪ್ಯೂಟರ್ ತಂದ ದಿನ ಅಂಗಡಿಯ ಹುಡುಗನೋ, ಅಳಿಯನೋ ತನ್ನ ಈಮೇಲ್‌ನಿಂದಲೇ ಖಾತೆ ತೆರೆದುಕೊಟ್ಟು ಪಿನ್ ಹೇಳಿ ಹೋಗಿರುತ್ತಾರೆ. ಮನೆಯವರಿಗೆ ಪಿನ್ ಬಿಟ್ಟರೆ ಏನೂ ಗೊತ್ತಿರುವುದಿಲ್ಲ. ಮನೆಯಲ್ಲಿರುವ ಎಲ್ಲರ ಈಮೇಲ್ ಪೆಟ್ಟಿಗೆಯಲ್ಲೂ 'ಅಕೌಂಟ್ ಪ್ರೊಟೆಕ್ಷನ್ ಡಾಟ್ ಮೈಕ್ರೋಸಾಫ್ಟ್ ಡಾಟ್ ಕಾಮ್' ಎಂದು ಹುಡುಕಿ. ಆ ವಿಳಾಸದಿಂದ ಪತ್ರ ಬಂದಿರುವ ಪೆಟ್ಟಿಗೆಯೇ ಕಂಪ್ಯೂಟರ್‌ನ ಧಣಿ.

ಲೋಕಲ್ ಖಾತೆ: ಗುಲ್ಬರ್ಗವೋ ಕಲಬುರಗಿಯೋ

2018ರ ಏಪ್ರಿಲ್‌ನ ವಿಂಡೋಸ್ 10 ಆವೃತ್ತಿಯಿಂದ ಲೋಕಲ್ ಖಾತೆಗೆ ಮೂರು ಗುಟ್ಟಿನ ಪ್ರಶ್ನೆಗಳು ಬಂದಿವೆ. ತಪ್ಪು ಪಾಸ್‌ವರ್ಡ್ ಬರೆದು, 'ರೀಸೆಟ್ ಪಾಸ್‌ವರ್ಡ್' ಒತ್ತಿದರೆ ಅವನ್ನು ಕೇಳುತ್ತದೆ. ಮೂರಕ್ಕೂ ಉತ್ತರ ಸರಿಯಿದ್ದರೆ ಅಲ್ಲೇ ಹೊಸ ಪಾಸ್‌ವರ್ಡ್ ಇಡಬಹುದು. ಇಂಟರ್ನೆಟ್ ಬೇಕಿಲ್ಲ.

ಉತ್ತರ ಗೊತ್ತಿದ್ದೂ ಕೂಡದಿರುವುದು ಅಕ್ಷರದ ಸಲುವಾಗಿ. 'ನೀವು ಹುಟ್ಟಿದ ಊರು' ಎಂಬುದು ಆ ಪ್ರಶ್ನೆಗಳಲ್ಲಿ ಒಂದು. ಊರಿನ ಹೆಸರು ಸರ್ಕಾರದ ಕಡತದಲ್ಲಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ, ಬಾಯಲ್ಲಿ ಮತ್ತು ಕೈಯಲ್ಲಿ ಗುಲ್ಬರ್ಗ ಇನ್ನೂ ಇದೆ. ಇಂಗ್ಲಿಷಿನಲ್ಲಿ ಕಲಬುರಗಿಯನ್ನು 'ಎಲ್' ಆದಮೇಲೆ 'ಎ' ಹಾಕಿ ಬರೆಯುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಯಾದಗಿರಿಗೆ ಕೊನೆಯ 'ಐ' ಇರುತ್ತದೆ, ಇರುವುದಿಲ್ಲ. ಬೀದರ್‌ಗೆ ಒಂದು 'ಐ' ಅಥವಾ ಎರಡು 'ಇ'. ಯಾವ ಯಾವ ಬಗೆ ಬರೆಯಬಹುದೆಂದು ಹಾಳೆಯ ಮೇಲೆ ಗುರುತು ಹಾಕಿಕೊಂಡು ಒಂದೊಂದಾಗಿ ನೋಡಿ. ಒಮ್ಮೆಗೆ ಒಂದೇ ಉತ್ತರ ಬದಲಿಸಿ. ಮೂರನ್ನೂ ಬದಲಿಸುತ್ತ ಹೋದರೆ ಯಾವುದು ತಪ್ಪಿತ್ತೆಂದು ಗೊತ್ತಾಗುವುದಿಲ್ಲ.

'ಓಲ್ಡೆಸ್ಟ್ ಕಸಿನ್' ಹೆಸರು ಕೇಳುವ ಪ್ರಶ್ನೆ ಇನ್ನೂ ಫಜೀತಿಯದು. ದೊಡ್ಡಪ್ಪನ ಮಗನೋ, ಸೋದರಮಾವನ ಮಗಳೋ, ಚಿಕ್ಕಮ್ಮನ ಮಗನೋ, ಇಂಗ್ಲಿಷಿಗೆ ಎಲ್ಲರೂ ಒಂದೇ. ಖಾತೆ ತೆರೆದಾಗ ಮನೆಯಲ್ಲಿ ಕರೆಯುವ ಹೆಸರು ಬರೆದಿರೋ, ಆಧಾರ್‌ನಲ್ಲಿರುವ ಹೆಸರೋ, ಅದನ್ನೂ ನೋಡಿ. 'ಮೊದಲ ಶಾಲೆ'ಗೆ ಅಂಗನವಾಡಿ ಬರೆದವರು ಕಡಿಮೆ, ಆದರೆ ಇಲ್ಲದಿಲ್ಲ.

ಮೊದಲೇ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿಟ್ಟ ಪೆನ್‌ಡ್ರೈವ್ ಇದ್ದರೆ ಪ್ರಶ್ನೆಗಳ ಗೊಡವೆಯೇ ಇಲ್ಲ. ಅದರಲ್ಲಿ 'ಯೂಸರ್‌ಕೀ' ಹೆಸರಿನ ಒಂದು ಸಣ್ಣ ಫೈಲ್ ಇರುತ್ತದೆ. ಚುಚ್ಚಿ, ಪರದೆ ಹೇಳಿದಂತೆ ನಡೆದರೆ ಆಯಿತು. ಡಿಸ್ಕ್ ಮಾಡಿದ ಮೇಲೆ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದ್ದರೂ ಅದೇ ನಡೆಯುತ್ತದೆ.

ಮನೆಯಲ್ಲಿ ಇನ್ನೊಂದು ಅಡ್ಮಿನ್ ಖಾತೆ ಇದ್ದರೆ

ಅಡ್ಮಿನ್ ಖಾತೆ ಎಂದರೆ ಉಳಿದ ಖಾತೆಗಳನ್ನೂ ಬದಲಿಸುವ ಅಧಿಕಾರ ಇರುವ ಖಾತೆ. ಅದರಿಂದ ಲಾಗಿನ್ ಆಗಿ, ಕಂಟ್ರೋಲ್ ಪ್ಯಾನೆಲ್, ಯೂಸರ್ ಅಕೌಂಟ್ಸ್, 'ಮ್ಯಾನೇಜ್ ಅನದರ್ ಅಕೌಂಟ್' ಎಂದು ಹೋಗಿ ಬೀಗ ಬಿದ್ದ ಖಾತೆ ಆರಿಸಿ ಪಾಸ್‌ವರ್ಡ್ ಬದಲಿಸಿ. ಇನ್ನೊಂದು ದಾರಿ, ಕಮಾಂಡ್ ಪ್ರಾಂಪ್ಟನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದು 'ನೆಟ್ ಯೂಸರ್' ಎಂದು ಬರೆದು ಎಂಟರ್ ಒತ್ತಿ, ಖಾತೆಗಳ ಪಟ್ಟಿ ಬರುತ್ತದೆ. ಮತ್ತೆ 'ನೆಟ್ ಯೂಸರ್' ಎಂದು ಬರೆದು, ಜಾಗ ಬಿಟ್ಟು ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಹೆಸರು ಬರೆದು, ಜಾಗ ಬಿಟ್ಟು ಹೊಸ ಪಾಸ್‌ವರ್ಡ್ ಬರೆದರೆ ಬದಲಾಗುತ್ತದೆ. ಹೆಸರಿನ ನಡುವೆ ಖಾಲಿ ಜಾಗ ಇದ್ದರೆ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಿ. 'ಯುವರ್ ಅಕೌಂಟ್ ಹ್ಯಾಸ್ ಬೀನ್ ಡಿಸೇಬಲ್ಡ್' ಎಂಬ ಸಂದೇಶಕ್ಕೂ ಮದ್ದು ಇಲ್ಲೇ: ಹೆಸರಿನ ಮುಂದೆ ಪಾಸ್‌ವರ್ಡ್ ಬದಲು ಓರೆಗೆರೆ ಹಾಕಿ 'ಆ್ಯಕ್ಟಿವ್', ಕೋಲನ್, 'ಯೆಸ್' ಎಂದು ಬರೆಯಿರಿ.

ಇದಕ್ಕೊಂದು ಬೆಲೆ ಇದೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ವಿಂಡೋಸ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿದ ಫೈಲ್‌ಗಳನ್ನೂ ಬಿಚ್ಚುವ ಕೀಲಿ ನಿಮ್ಮ ಹಳೆಯ ಪಾಸ್‌ವರ್ಡ್‌ನಿಂದಲೇ ತಯಾರಾದದ್ದು. ನೀವೇ ಒಳಗಿದ್ದು ಬದಲಿಸಿದರೆ ವಿಂಡೋಸ್ ಆ ಕೀಲಿಯನ್ನೂ ಹೊಸದಕ್ಕೆ ಹೊಂದಿಸುತ್ತದೆ. ಬೇರೆ ಅಡ್ಮಿನ್ ಹೊರಗಿನಿಂದ ಬದಲಿಸಿದರೆ ಹೊಂದಿಸಲು ಆಗುವುದಿಲ್ಲ, ಅವು ಹೋದಂತೆಯೇ. ಆದ್ದರಿಂದ ಹಳೆಯ ಪಾಸ್‌ವರ್ಡ್ ನೆನಪಾಗುವ ಆಸೆ ಸ್ವಲ್ಪವಾದರೂ ಇದ್ದರೆ ಒಂದು ದಿನ ತಡೆಯಿರಿ. ಸಾಮಾನ್ಯ ಫೋಟೊ, ವರ್ಡ್ ಫೈಲ್‌ಗಳಿಗೆ ಇದರಿಂದ ಏನೂ ಆಗುವುದಿಲ್ಲ. ಅಂಗಡಿಗಳಲ್ಲಿ ಪೆನ್‌ಡ್ರೈವ್ ಹಾಕಿ ಪಾಸ್‌ವರ್ಡ್ 'ತೆಗೆದುಕೊಡುವ' ಸಾಧನಗಳಿಗೂ ಇದೇ ಮಾತು. ಅವು ಲೋಕಲ್ ಖಾತೆಯ ಪಾಸ್‌ವರ್ಡ್ ಅಳಿಸುತ್ತವೆಯೇ ಹೊರತು ಪತ್ತೆ ಹಚ್ಚುವುದಿಲ್ಲ. ಎನ್‌ಕ್ರಿಪ್ಟ್ ಆದ ಡ್ರೈವ್ ಮುಂದೆ ಅವುಗಳ ಆಟ ನಡೆಯುವುದಿಲ್ಲ.

ಬೀಗ ಬಿದ್ದದ್ದು ಮೈಕ್ರೋಸಾಫ್ಟ್ ಖಾತೆಯಾದರೆ ಅದರ ಪಾಸ್‌ವರ್ಡನ್ನು ಇನ್ನೊಬ್ಬ ಅಡ್ಮಿನ್ ಬದಲಿಸಲಾರ. ಆದರೆ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ತೆರೆದು ಫೈಲ್‌ಗಳನ್ನು ನಕಲು ಮಾಡಿಕೊಳ್ಳಬಹುದು. ಅಲ್ಲಿ ಫೋಲ್ಡರ್‌ಗೆ ಪೂರ್ತಿ ಹೆಸರಿರುವುದಿಲ್ಲ, ಈಮೇಲ್‌ನ ಮೊದಲ ಐದು ಅಕ್ಷರ ಮಾತ್ರ ಇರುತ್ತದೆ. ಹುಡುಕಿ ಸಿಗಲಿಲ್ಲ ಎನ್ನುವವರು ಇಲ್ಲೇ ತಪ್ಪುತ್ತಾರೆ.

ಮಕ್ಕಳ ಖಾತೆಗೆ 'ಟೈಮ್ಸ್ ಅಪ್' ಎಂದು ಬಂದರೆ ಅದು ಫ್ಯಾಮಿಲಿ ಸೇಫ್ಟಿಯ ಹೊತ್ತಿನ ಮಿತಿ. ಅಪ್ಪ ಅಮ್ಮನ ಮೊಬೈಲ್‌ನಿಂದ ಹೊತ್ತು ಹೆಚ್ಚಿಸಬೇಕು, ಅಷ್ಟೇ.

ಪಾಸ್‌ವರ್ಡ್ ಒಪ್ಪಿ, ಆಮೇಲೆ ಹೊರಗೆ ತಳ್ಳಿದರೆ

'ಯೂಸರ್ ಪ್ರೊಫೈಲ್ ಸರ್ವಿಸ್ ಫೇಲ್ಡ್ ದಿ ಸೈನ್ ಇನ್' ಎಂಬುದು ಕರೆಂಟ್ ಹೋಗಿ ಕಂಪ್ಯೂಟರ್ ದಿಢೀರ್ ಬಂದ್ ಆದ ಮರುದಿನ ಕಾಣುವ ಸಂದೇಶ. ಪಾಸ್‌ವರ್ಡ್‌ಗೂ ಇದಕ್ಕೂ ಸಂಬಂಧವಿಲ್ಲ, ನಿಮ್ಮ ಖಾತೆಯ ಸೆಟ್ಟಿಂಗ್ ಇರುವ ಫೈಲ್ ಕೆಟ್ಟಿದೆ. ಎರಡು ಸಲ ರೀಸ್ಟಾರ್ಟ್ ಮಾಡಿ ನೋಡಿ. ಆಗದಿದ್ದರೆ ಇನ್ನೊಂದು ಅಡ್ಮಿನ್ ಖಾತೆಯಿಂದ ಒಳಹೋಗಿ, ಹೊಸ ಖಾತೆ ತೆರೆದು, ಹಳೆಯ ಫೋಲ್ಡರ್‌ನಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ನಕಲು ಮಾಡುವುದೇ ಭದ್ರವಾದ ರಿಪೇರಿ. ಕೆಲವೊಮ್ಮೆ ಒಳಗೆ ಬಿಡುತ್ತದೆ, ಆದರೆ ಡೆಸ್ಕ್‌ಟಾಪ್ ಖಾಲಿ ಇರುತ್ತದೆ, ತಾತ್ಕಾಲಿಕ ಪ್ರೊಫೈಲ್ ಎಂಬ ಸೂಚನೆ ಬರುತ್ತದೆ. ಅಲ್ಲಿ ಏನನ್ನೂ ಸೇವ್ ಮಾಡಬೇಡಿ. ಸೈನ್ ಔಟ್ ಆದ ಕ್ಷಣ ಎಲ್ಲ ಅಳಿಯುತ್ತದೆ.

ನೀಲಿ ಪರದೆ, 48 ಅಂಕಿ

ವಿಂಡೋಸ್ ಲಾಗಿನ್ ಬರುವ ಮುಂಚೆಯೇ 'ಬಿಟ್‌ಲಾಕರ್ ರಿಕವರಿ' ಎಂಬ ನೀಲಿ ಪರದೆ ಬಂದರೆ ಬೀಗ ಬಿದ್ದಿರುವುದು ಖಾತೆಗಲ್ಲ, ಇಡೀ ಡ್ರೈವ್‌ಗೆ. ನಾವು ಅಂಥದ್ದೇನೂ ಹಾಕಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ, ಹೋಮ್ ಆವೃತ್ತಿಯಲ್ಲೂ, ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಲಾಗಿನ್ ಆದಾಗ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. 2024ರ 24ಎಚ್2 ಆವೃತ್ತಿಯಿಂದ ಇದು ಇನ್ನೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹಬ್ಬಿದೆ. ಬಯಾಸ್ ಅಪ್‌ಡೇಟ್, ಮದರ್‌ಬೋರ್ಡ್ ಬದಲಾವಣೆ, ಮೇಲೆ ಹೇಳಿದ ಸೆಲ್, ಯಾವುದರಿಂದಲಾದರೂ ಈ ಪರದೆ ಬರಬಹುದು.

ಮೊಬೈಲ್‌ನಲ್ಲಿ ಅಕೌಂಟ್ ಡಾಟ್ ಮೈಕ್ರೋಸಾಫ್ಟ್ ಡಾಟ್ ಕಾಮ್ ತೆರೆದು, ಡಿವೈಸಸ್ ಭಾಗದಲ್ಲಿ ರಿಕವರಿ ಕೀಗಳನ್ನು ನೋಡಿ. ಕೀಗಳು ಎರಡು ಮೂರು ಇರಬಹುದು. ನೀಲಿ ಪರದೆಯ 'ಕೀ ಐಡಿ'ಯ ಮೊದಲ ಎಂಟು ಅಕ್ಷರ ಯಾವುದಕ್ಕೆ ಕೂಡುತ್ತದೋ ಅದೇ ನಿಮ್ಮದು. ಕೀಯಲ್ಲಿ ಆರಾರು ಅಂಕಿಯ ಎಂಟು ಗುಂಪು. ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕೆಂಬ ಲೆಕ್ಕ ಅದರಲ್ಲಿದೆ. ಫೋನಿನಲ್ಲಿ ಯಾರೋ ಓದಿ ಹೇಳಿದ್ದನ್ನು ಬರೆದುಕೊಂಡಿದ್ದರೆ ಕ್ಯಾಲ್ಕುಲೇಟರ್‌ನಲ್ಲಿ ಪ್ರತಿ ಗುಂಪನ್ನು 11ರಿಂದ ಭಾಗಿಸಿ. ಶೇಷ ಉಳಿದ ಗುಂಪಿನಲ್ಲಿ ಅಂಕಿ ತಪ್ಪಿದೆ.

ಕೀ ಎಲ್ಲೂ ಇಲ್ಲವೆಂದಾದರೆ ಒಳಗಿನ ಫೈಲ್‌ಗಳು ಮರಳಿ ಬರುವುದಿಲ್ಲ. ಮೈಕ್ರೋಸಾಫ್ಟ್‌ನವರೂ ತೆಗೆಯಲಾರರು. ತೆಗೆದುಕೊಡುತ್ತೇನೆ ಎಂದು ಮುಂಗಡ ಕೇಳಿದವರಿಗೆ ಕೊಡಬೇಡಿ.

ಕೊನೆಗೆ ರೀಸೆಟ್‌ಗೇ ಬಂದರೆ, ಮೊದಲು ಫೈಲ್‌ಗಳು

ಡ್ರೈವ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ, ಅಥವಾ ರಿಕವರಿ ಕೀ ಕೈಯಲ್ಲಿದ್ದರೆ, ಖಾತೆ ತೆರೆಯದೆಯೇ ಫೈಲ್ ಹೊರತೆಗೆಯಬಹುದು. ಬೇರೆ ಕಂಪ್ಯೂಟರ್‌ನಲ್ಲಿ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್‌ಗೆ ರೂಫಸ್ ತಂತ್ರಾಂಶದಿಂದ ಲಿನಕ್ಸ್ ಮಿಂಟ್ ಅಥವಾ ಉಬುಂಟು (ವಿಂಡೋಸ್ ಬದಲು ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ನಡೆಸುವ ಪುಕ್ಕಟೆ ವ್ಯವಸ್ಥೆಗಳು) ಬರೆಸಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ, ನೆನಪಿರಲಿ. ಅದನ್ನು ಚುಚ್ಚಿ ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತುತ್ತಿರಿ: ಎಚ್‌ಪಿಯಲ್ಲಿ ಎಫ್9, ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಏಸರ್‌ನಲ್ಲೂ ಎಫ್12 ಆದರೆ ಬಯಾಸ್‌ನಲ್ಲಿ ಮೊದಲು ಆ ಮೆನು ಆನ್ ಮಾಡಬೇಕಾಗಬಹುದು, ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಉಬುಂಟು ಆದರೆ 'ಟ್ರೈ' ಎಂಬುದನ್ನೇ ಆರಿಸಿ. 'ಇನ್‌ಸ್ಟಾಲ್' ಒತ್ತಿ ಮುಂದುವರಿದರೆ ಉಳಿಸಲು ಹೊರಟದ್ದೇ ಅಳಿದೀತು. ವಿಂಡೋಸ್ ಡ್ರೈವ್ ಬರೀ ಓದಲು ಮಾತ್ರ ತೆರೆದುಕೊಂಡರೆ ಅದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್‌ನಿಂದ. ನಕಲು ಮಾಡಲು ಅಷ್ಟು ಸಾಕು.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಾಗುತ್ತವೆ. 371ಜೆ ಪ್ರಮಾಣಪತ್ರ, ಅಂಕಪಟ್ಟಿಗಳ ಸ್ಕ್ಯಾನ್ ಹೆಚ್ಚಾಗಿ ಡೌನ್‌ಲೋಡ್ಸ್‌ನಲ್ಲೇ ಬಿದ್ದಿರುತ್ತವೆ. ಗಂಜ್‌ನಲ್ಲಿ ತೊಗರಿ ವ್ಯಾಪಾರದ ಲೆಕ್ಕ ಮನೆಯಲ್ಲೂ ಇಡುವವರು ಟ್ಯಾಲಿಯ ಡೇಟಾ ಮರೆಯುತ್ತಾರೆ. ಟ್ಯಾಲಿ ಪ್ರೈಮ್ ಅದನ್ನು ಸಾಮಾನ್ಯವಾಗಿ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರ್‌ನಲ್ಲಿ ಇಡುತ್ತದೆ, ನಿಮ್ಮ ಹೆಸರಿನ ಫೋಲ್ಡರ್‌ನಲ್ಲಿ ಅಲ್ಲ.

ಆಮೇಲೆ ರೀಸೆಟ್. ಲಾಗಿನ್ ಪರದೆಯ ಪವರ್ ಗುರುತು ಒತ್ತಿ, ಶಿಫ್ಟ್ ಹಿಡಿದುಕೊಂಡೇ ರೀಸ್ಟಾರ್ಟ್ ಆರಿಸಿ. ಟ್ರಬಲ್‌ಶೂಟ್, 'ರೀಸೆಟ್ ದಿಸ್ ಪಿಸಿ'. ಇಲ್ಲಿ 'ಕೀಪ್ ಮೈ ಫೈಲ್ಸ್' ನೋಡಿ ಆಸೆಪಡಬೇಡಿ. ಅದು ಫೈಲ್ ಜೊತೆ ಖಾತೆಯನ್ನೂ ಅದರ ಪಾಸ್‌ವರ್ಡನ್ನೂ ಉಳಿಸುತ್ತದೆ, ಪ್ರೋಗ್ರಾಮ್‌ಗಳೆಲ್ಲ ಹೋಗಿ ನೀವು ಅದೇ ಬೀಗದ ಮುಂದೆ ನಿಲ್ಲುತ್ತೀರಿ. 'ರಿಮೂವ್ ಎವ್ರಿಥಿಂಗ್' ಆರಿಸಿ. ಮುಂದೆ ಯಾವ ಡ್ರೈವ್ ಎಂದು ಕೇಳಿದಾಗ 'ಓನ್ಲಿ ದಿ ಡ್ರೈವ್ ವೇರ್ ವಿಂಡೋಸ್ ಈಸ್ ಇನ್‌ಸ್ಟಾಲ್ಡ್' ಎಂಬುದನ್ನೇ ಒತ್ತಿ, ಇಲ್ಲದಿದ್ದರೆ ಡಿ ಡ್ರೈವ್‌ನಲ್ಲಿರುವ ಮದುವೆ ವಿಡಿಯೋ ಕೂಡ ಹೋಗುತ್ತದೆ. 'ಕ್ಲೌಡ್ ಡೌನ್‌ಲೋಡ್'ಗೆ 4 ಜಿಬಿಗೂ ಹೆಚ್ಚು ಡೇಟಾ ಬೇಕು. ಮೊಬೈಲ್ ಡೇಟಾದಲ್ಲಿದ್ದರೆ 'ಲೋಕಲ್ ರೀಇನ್‌ಸ್ಟಾಲ್' ಮೇಲು. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿಯೇ ಇರಲಿ. ಡೆಸ್ಕ್‌ಟಾಪ್‌ನ ಸಣ್ಣ ಯುಪಿಎಸ್ ಇಷ್ಟು ಹೊತ್ತು ತಾಳುವುದಿಲ್ಲ, ಆದ್ದರಿಂದ ಕರೆಂಟ್ ಹೋಗುವುದಿಲ್ಲ ಎಂಬ ಭರವಸೆ ಇರುವ ಹೊತ್ತು ನೋಡಿ ಶುರು ಮಾಡಿ. ನಡುವೆ ಕರೆಂಟ್ ಹೋದರೆ ವಿಂಡೋಸ್ ಅರ್ಧಕ್ಕೇ ನಿಲ್ಲಬಹುದು, ಆಗ ಪೆನ್‌ಡ್ರೈವ್‌ನಿಂದ ಹೊಸದಾಗಿ ಹಾಕಬೇಕು. ವಿಂಡೋಸ್ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಇಂಟರ್ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಲ್ಯಾಪ್‌ಟಾಪ್ ಜೊತೆ ಬಂದ ಎಂಎಸ್ ಆಫೀಸ್ ಹಾಗಲ್ಲ, ಅದು ಹಳೆಯ ಮೈಕ್ರೋಸಾಫ್ಟ್ ಖಾತೆಗೆ ಸೇರಿದ್ದು. ಆ ಖಾತೆ ಬಿಟ್ಟರೆ ಆಫೀಸನ್ನೂ ಬಿಟ್ಟಂತೆ.

ಉಬುಂಟು ಬಳಸುವವರಿಗೆ ಕೆಲಸ ಹಗುರ. ಆನ್ ಆಗುವಾಗ ಎಸ್ಕೇಪ್, ಹಳೆಯ ಬಯಾಸ್ ಆದರೆ ಶಿಫ್ಟ್, ಒತ್ತಿ ರಿಕವರಿ ಮೋಡ್‌ನ 'ರೂಟ್' ಆರಿಸಿ. ಡಿಸ್ಕನ್ನು ಬರೆಯುವ ಸ್ಥಿತಿಗೆ ರೀಮೌಂಟ್ ಮಾಡಿ, 'ಪಾಸ್‌ಡಬ್ಲ್ಯೂಡಿ' ಎಂದು ಬರೆದು ಜಾಗ ಬಿಟ್ಟು ಖಾತೆಯ ಹೆಸರು ಬರೆಯಿರಿ. ರೀಮೌಂಟ್ ಮರೆತರೆ ಪಾಸ್‌ವರ್ಡ್ ಬದಲಾಗದೆ ದೋಷ ತೋರಿಸುತ್ತದೆ.

ಗೂಗಲ್‌ನಲ್ಲಿ ಹುಡುಕಿ ಸಿಕ್ಕ 'ಮೈಕ್ರೋಸಾಫ್ಟ್ ಟೋಲ್ ಫ್ರೀ' ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಮೊಬೈಲ್‌ಗೆ ಎನಿಡೆಸ್ಕ್ (ದೂರದಿಂದ ನಿಮ್ಮ ಪರದೆ ನೋಡಲು ಬಿಡುವ ಆ್ಯಪ್) ಹಾಕಿಸಿ, ಓಟಿಪಿ ಕೇಳಿ ಬ್ಯಾಂಕ್ ಖಾತೆ ಖಾಲಿ ಮಾಡುವವರು ಆ ಕಡೆ ಇರುತ್ತಾರೆ. ಕೊಟ್ಟುಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಳಗೆ ಹೋದ ದಿನವೇ

ಎರಡನೆಯ ಅಡ್ಮಿನ್ ಖಾತೆ ತೆರೆಯಿರಿ. ಅದು ಲೋಕಲ್ ಖಾತೆಯಾಗಿರಲಿ, ಪಾಸ್‌ವರ್ಡ್ ಮನೆಯ ಇನ್ನೊಬ್ಬರ ಬಳಿ ಇರಲಿ. ಮೈಕ್ರೋಸಾಫ್ಟ್ ಖಾತೆಯಲ್ಲಿ ಮೊಬೈಲ್ ನಂಬರ್ ಜೊತೆ ಮನೆಯವರೊಬ್ಬರ ಈಮೇಲ್ ಕೂಡ ಸೇರಿಸಿ. ಈಗಿರುವ ಯಾವ ನಂಬರಿಗೂ ಕೋಡ್ ಬರದ ಸ್ಥಿತಿಯಲ್ಲಿ ಎಲ್ಲವನ್ನೂ ತೆಗೆದು ಹೊಸದು ಸೇರಿಸಲು ಹೊರಟರೆ 30 ದಿನ ಕಾಯಿಸುತ್ತಾರೆ. ರಿಕವರಿ ಕೀಯನ್ನು ಪ್ರಿಂಟ್ ತೆಗೆಸಿ ರೇಷನ್ ಕಾರ್ಡ್, ಪಹಣಿ ಇಡುವ ಫೈಲ್‌ನಲ್ಲಿ ಇಡಿ. ಕಂಪ್ಯೂಟರ್‌ನೊಳಗೇ ಸೇವ್ ಮಾಡಿದರೆ ಪ್ರಯೋಜನವಿಲ್ಲ. ಪ್ರಿಂಟರ್ ಇಲ್ಲದೆ ಕೈಯಲ್ಲಿ ಬರೆಯುವುದಾದರೆ ಆರು ಅಂಕಿಗೊಂದು ಸಾಲು ಮಾಡಿ, ಒಟ್ಟು ಎಂಟು ಸಾಲು. 1 ಮತ್ತು 7 ಒಂದೇ ಥರ ಕಾಣದಂತೆ 7ಕ್ಕೆ ನಡುವೆ ಅಡ್ಡಗೆರೆ ಹಾಕಿ.